ಆಗ್ರಾ ಕೋಟೆಯ ಹಳೇ ಫೋಟೊದಲ್ಲಿ ತಾಜ್ ತಪ್ಪು ಕಡೆ ಕಾಣ್ತಿದ್ದರೆ

ತಾಜ್ ಯಾಕೆ ತಪ್ಪು ಕಡೆ ಕಾಣುತ್ತದೆ, ಆಕಾಶ ಬೋಳಾಗಿ, ನೀರು ಅಲೆಯಿಲ್ಲದೆ ಇರುವುದು ಸ್ಕ್ಯಾನಿನ ದೋಷವೇ ಅಂತ ಕೇಳಿದ್ದೀರಿ. ಚಿತ್ರ ಎಡಬಲ ಅದಲುಬದಲಾಗಿರಬೇಕು. ನಿಮ್ಮ ಹತ್ತಿರ ಇರುವುದು ಆಗ್ರಾದಲ್ಲಿದ್ದ ಬ್ರಿಟಿಷ್ ವೈದ್ಯ, ಛಾಯಾಗ್ರಾಹಕ ಜಾನ್ ಮರ‍್ರೆ 1850ರ ದಶಕದಲ್ಲಿ ತೆಗೆದ, ಕಪ್ಪುಬಿಳುಪು ತಿರುಗುಮುರುಗಾಗಿರುವ ಕಾಗದದ ನೆಗೆಟಿವ್‌ನ ಸ್ಕ್ಯಾನ್, ಅದನ್ನು ಕಂಪ್ಯೂಟರಿನಲ್ಲಿ ಪಾಸಿಟಿವ್ ಮಾಡಿದ್ದೀರಿ, ಅಲ್ವಾ? ಬಣ್ಣ ತಿರುಗಿಸಿದರೆ ಕಪ್ಪುಬಿಳುಪು ಮಾತ್ರ ಸರಿಹೋಗುತ್ತದೆ. ನೆಗೆಟಿವ್‌ನ ಯಾವ ಮುಖವನ್ನು ಸ್ಕ್ಯಾನ್ ಮಾಡಿದ್ದಾರೆ ಅನ್ನುವುದರ ಮೇಲೆ ಎಡಬಲ ನಿಂತಿದೆ.

ಮೊದಲು ಮೂಲ ಫೈಲಿನ ಒಂದು ಪ್ರತಿ ಇಟ್ಟುಕೊಳ್ಳಿ. ಆಮೇಲೆ ಯಮುನೆಯನ್ನು ನೋಡಿ. ಕೋಟೆ, ತಾಜ್ ಎರಡೂ ನದಿಯ ಬಲದಂಡೆಯಲ್ಲಿವೆ (ನೀರು ಹರಿಯುವ ಕಡೆಗೆ ಮುಖ ಮಾಡಿದರೆ ಬಲಕ್ಕಿರುವ ದಡ), ತಾಜ್ ಕೆಳಹರಿವಿನಲ್ಲಿದೆ. ಹಾಗಾಗಿ ಕೋಟೆಯ ಮೇಲಿಂದ ತಾಜ್ ಕಡೆಗೆ ತೆಗೆದ ಚಿತ್ರವಾದರೆ ನದಿ ಎಡಕ್ಕಿರಬೇಕು. ಆಚೆ ದಡದಿಂದ ಕೋಟೆಯನ್ನು ತೆಗೆದಿದ್ದರೆ ತಾಜ್ ಇರುವ ದಿಕ್ಕು ಎಡಗಡೆ. ಹೊಂದದಿದ್ದರೆ ಅಡ್ಡಡ್ಡ ಫ್ಲಿಪ್ ಮಾಡಿ, ಅಷ್ಟೇ.

ತಾಜ್ ಕಟ್ಟಡವನ್ನೇ ನೋಡಿ ತೀರ್ಮಾನಿಸಬೇಡಿ. ಅದು ಎರಡೂ ಕಡೆ ಒಂದೇ ಥರ, ಪಕ್ಕದ ಮಸೀದಿಗೂ ಎದುರಿಗೆ ಅದರದ್ದೇ ಜೋಡಿ ಕಟ್ಟಡವಿದೆ. ಕೋಟೆ ಗೋಡೆಯ ಬುರುಜುಗಳ ಸಾಲನ್ನು ಈಗಿನ ಫೋಟೊ ಜೊತೆ ಹೋಲಿಸಿದರೆ ಇನ್ನೂ ಗಟ್ಟಿಯಾಗುತ್ತದೆ. ನೆಗೆಟಿವ್ ಮೇಲಿನ ಕೈಬರಹ ನೇರವಾಗಿ ಕಾಣುತ್ತಿದೆ ಅಂತ ಚಿತ್ರವೂ ಸರಿ ಅಂದುಕೊಳ್ಳಬೇಡಿ, ಕಾಗದದ ಹಿಂಬದಿಯಲ್ಲಿ ಬರೆದಿರಲೂಬಹುದು.

ಚಿತ್ರ ನೋಡದೆ ನೂರಕ್ಕೆ ನೂರು ಹೇಳಲಾರೆ. ಆದರೆ ನೀವು ಕೇಳಿದ ಬೋಳು ಆಕಾಶ, ಅಲೆಯಿಲ್ಲದ ನೀರು ಸ್ಕ್ಯಾನಿನ ದೋಷ ಆಗಿರಲಿಕ್ಕಿಲ್ಲ. ಆಗ ನೆಗೆಟಿವ್‌ನ ಆಕಾಶಕ್ಕೆ ಕಪ್ಪು ಬಳಿಯುತ್ತಿದ್ದರು, ಅದು ಪಾಸಿಟಿವ್‌ನಲ್ಲಿ ಬರೀ ಬಿಳಿಯಾಗುತ್ತದೆ; ಎಕ್ಸ್‌ಪೋಷರ್ ಕೂಡ ತುಂಬ ಹೊತ್ತು ಬೇಕಿತ್ತು, ಹಾಗಾಗಿ ಅಲೆಗಳು ಮಸುಕಾಗಿ ಹೋಗುತ್ತಿದ್ದವು. ದಯವಿಟ್ಟು ಅದನ್ನು ತಿದ್ದಬೇಡಿ.