ಇನ್ನೂರು ಜನಕ್ಕೊಂದು ಪುರಸಭೆ

ಪ್ರಶ್ನೆ: ನಾನು ತುಮರಿ ಕಡೆಯ ಪಂಚಾಯ್ತಿ ಸದಸ್ಯೆ. ಮಗ ನಾರ್ವೆಯಲ್ಲಿದ್ದಾನೆ. ಅಲ್ಲಿ ಇನ್ನೂರು ಜನರ ದ್ವೀಪಕ್ಕೂ ಸ್ವಂತ ಪುರಸಭೆ ಇದೆಯಂತೆ. ನಿಜವಾ, ಸುಮ್ನೆ ನನ್ನ ಕಾಲೆಳೀತಿದ್ದಾನಾ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ನಿಜ ಅಮ್ಮಾ. ಊರಿನ ಹೆಸರು ಉಟ್ಸಿರಾ. ನಾರ್ವೆಯ ಪಶ್ಚಿಮ ಕರಾವಳಿಯ ಹೌಗೆಸುಂಡ್ ಪೇಟೆಯಿಂದ ಹಡಗಿನಲ್ಲಿ ಒಂದು ಗಂಟೆ ಚಿಲ್ಲರೆ. ಸುಮಾರು ಆರು ಚದರ ಕಿಲೋಮೀಟರ್ ಜಾಗ, ಇನ್ನೂರರ ಆಸುಪಾಸು ಜನ. 1924ರಲ್ಲೇ ಬೇರೆಯಾಗಿ ತಮ್ಮದೇ ಆಡಳಿತ ಮಾಡಿಕೊಂಡರು. ಶಾಲೆ, ಆರೋಗ್ಯ, ವಯಸ್ಸಾದವರ ಆರೈಕೆ ಎಲ್ಲ ಪುರಸಭೆಯದೇ ಹೊಣೆ. ಮಲೆನಾಡಿನಲ್ಲಿ ಮನೆಗಳು ದೂರ ದೂರ ಅಂತ ನಮ್ಮ ಕಾಯ್ದೆ 2,500 ಜನಕ್ಕೂ ಪಂಚಾಯ್ತಿ ಕೊಡುತ್ತದೆ. ಅವರ ಲೆಕ್ಕದಲ್ಲಿ ಅದೂ ಜಾಸ್ತಿ!

ನಿಮ್ಮ ಮಗ ಹೇಳದ ಇನ್ನೊಂದು ವಿಷಯವಿದೆ. ಅಲ್ಲಿ 1925ರ ಚುನಾವಣೆಯಲ್ಲಿ 12 ಸ್ಥಾನಗಳ ಪೈಕಿ 11ರಲ್ಲಿ ಹೆಂಗಸರೇ ಗೆದ್ದರು. ಮೀಸಲಾತಿಯೂ ಇರಲಿಲ್ಲ. ಅಧ್ಯಕ್ಷೆಯಾದ ಆಸಾ ಹೆಲ್ಗೆಸೆನ್ ನಾರ್ವೆಯ ಮೊದಲ ಮಹಿಳಾ ಮೇಯರ್. ಅವರ ಕಸುಬು ಏನು ಗೊತ್ತಾ? ಸೂಲಗಿತ್ತಿ.

ನನಗಿದು ಆಶ್ಚರ್ಯ ಅನ್ನಿಸಲಿಲ್ಲ. ನಾನೂ ಹಿನ್ನೀರಿನ ಆಚೆ ದಡದವನೇ. ನನ್ನ ತಂಗಿ ಹುಟ್ಟಿದ್ದು ಒಂದು ಆಷಾಢದ ರಾತ್ರಿ. ಅಪ್ಪ ದಡಕ್ಕೆ ಓಡುವಷ್ಟರಲ್ಲಿ ಕೊನೇ ಲಾಂಚ್ ಹೋಗಿತ್ತು. ಕೆಳಗಿನ ಕೇರಿಯ ಸೂಲಗಿತ್ತಿ ಕಂಬಳಿ ಕೊಪ್ಪೆ ಹಾಕಿಕೊಂಡು, ಲಾಟೀನು ಹಿಡಿದು ಬಂದರು. ಬೆಳಿಗ್ಗೆ ಬಚ್ಚಲೊಲೆ ಮುಂದೆ ಕೂತು, ಕಾಲಿಗೆ ಹತ್ತಿದ ಉಂಬಳಕ್ಕೆ ಸುಣ್ಣ ಮುಟ್ಟಿಸುತ್ತಾ ಅಪ್ಪನಿಗೆ ಬೈದರು: "ಸೊಸೈಟಿ ಎಲೆಕ್ಷನ್ನಿಗೆ ಬಡಿದಾಡ್ತೀರಲ್ಲ, ದಡದಲ್ಲಿ ಒಂದು ದೀಪ ಹಾಕ್ಸೋಕಾಗಲ್ವಾ?" ಅಪ್ಪ ಕಾಫಿ ಲೋಟ ನೋಡುತ್ತಾ ನಿಂತಿದ್ದರು. ಆ ತಾಯಿ ಚುನಾವಣೆಗೆ ನಿಂತಿದ್ದರೆ ಊರಿನ ಅರ್ಧ ಜನ, ಅವರ ಕೈಯಲ್ಲೇ ಹುಟ್ಟಿದವರು, ಓಟು ಹಾಕುತ್ತಿದ್ದರು. ಆದರೆ ನಿಲ್ಲಿ ಅಂತ ಅವರನ್ನು ಕೇಳಿದವರೇ ಇಲ್ಲ.

ದೀಪ ಅಂದಾಗ ನೆನಪಾಯಿತು. 2004ರಲ್ಲಿ ಉಟ್ಸಿರಾದಲ್ಲಿ ಗಾಳಿಯಂತ್ರದ ಕರೆಂಟಿನಿಂದ ಜಲಜನಕ ತಯಾರಿಸಿ ಕೂಡಿಟ್ಟರು. ಗಾಳಿ ನಿಂತಾಗಲೂ ಹತ್ತು ಮನೆಗೆ ಕರೆಂಟ್ ಸಿಗಲಿ ಅಂತ. ನಮ್ಮಲ್ಲಿ ಗಾಳಿ ಬೀಸಿದರೇ ಕರೆಂಟ್ ಹೋಗುತ್ತೆ, ಅಲ್ವಾ?

2025ರಲ್ಲಿ ಸಿಗಂದೂರು ಸೇತುವೆಯಾಗಿ ನಿಮಗೆ ಲಾಂಚ್ ಕಾಯುವುದು ತಪ್ಪಿತು. ಅವರಿಗೆ ಈಗಲೂ ಹಡಗೇ ಗತಿ. ಮಗನ ಹತ್ತಿರ ಹೋದರೆ ಆ ಹಡಗು ಹತ್ತಿಸು ಅನ್ನಿ. ಸ್ವೆಟರ್ ಮರೀಬೇಡಿ.