ಪ್ಲೇಯರಿನ ವಾಲ್ಯೂಮ್ ಎಲ್ಲಿಡಬೇಕು? ಕೇಬಲ್ ಕೊಳ್ಳುವ ಮುನ್ನ ಇದನ್ನು ಓದಿ

ಜೇಬಿನ ಮ್ಯೂಸಿಕ್ ಪ್ಲೇಯರನ್ನು ಹೆಡ್‌ಫೋನ್ ಆಂಪ್ಲಿಫೈಯರಿಗೆ ಜೋಡಿಸುವುದು ಹೇಗೆ ಎಂದು ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳಿಂದ ಪ್ರಶ್ನೆಗಳು ಬರುತ್ತಲೇ ಇವೆ. ಬರೆದವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: ಯಾವ ಕೇಬಲ್ ಒಳ್ಳೆಯದು? ವಾಲ್ಯೂಮ್ ಎಷ್ಟಿಟ್ಟಿದ್ದೀರಿ ಎಂಬುದನ್ನು ಯಾರೂ ಬರೆಯುವುದಿಲ್ಲ. ತೊಂದರೆ ಇರುವುದು ಅಲ್ಲಿಯೇ ಆದ್ದರಿಂದ ಈ ಸಲ ಜಾಗವನ್ನೆಲ್ಲ ಅದಕ್ಕೇ ಕೊಡುತ್ತೇನೆ. ಯಾವ ಪಿನ್ನು ಯಾವ ತೂತಿಗೆ ಎಂಬುದನ್ನು ಡಬ್ಬಿಯ ಮೇಲೆಯೇ ಬರೆದಿರುತ್ತಾರೆ, ಓದಿಕೊಳ್ಳಿ.

ಪ್ರಶ್ನೆ: ನಾನು ಚಿಂತಾಮಣಿಯ ನಿವೃತ್ತ ಶಿಕ್ಷಕ. ಮಗ ನನಗೆ 300 ಓಮ್‌ನ ಹೆಡ್‌ಫೋನ್ ಮತ್ತು 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪುಟ್ಟ ಆಂಪ್ಲಿಫೈಯರ್ ಕೊಡಿಸಿದ್ದಾನೆ. ಪ್ಲೇಯರಿನ ಹೆಡ್‌ಫೋನ್ ತೂತಿನಿಂದ ಆಂಪ್ಲಿಫೈಯರಿಗೆ ಕೇಬಲ್ ಹಾಕಿದ್ದೇನೆ. ಪ್ಲೇಯರಿನ ವಾಲ್ಯೂಮ್ ಪೂರ್ತಿ ಇಟ್ಟರೆ ಮೃದಂಗದ ಪೆಟ್ಟು ಒಡೆದಂತೆ ಕೇಳುತ್ತದೆ. ಕಡಿಮೆ ಇಟ್ಟರೆ ಹಾಡಿನ ಹಿಂದೆ ಸುಯ್ ಎಂಬ ಸದ್ದು. ಹೆಡ್‌ಫೋನ್ ತೂತಿನಿಂದ ತೆಗೆದರೆ ಧ್ವನಿ ಎರಡು ಸಲ ಆಂಪ್ಲಿಫೈ ಆಗಿ ಕೆಡುತ್ತದೆ, ನಾಲ್ಕು ಸಾವಿರದ ಬೆಳ್ಳಿ ತಂತಿಯ ಕೇಬಲ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ ಅಂಗಡಿಯವರು. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಆ ನಾಲ್ಕು ಸಾವಿರ ನಿಮ್ಮಲ್ಲೇ ಇರಲಿ. ನಿಮ್ಮ ಎರಡು ತೊಂದರೆಗಳಲ್ಲಿ ಒಂದಕ್ಕೂ ಕೇಬಲ್ ಕಾರಣವಲ್ಲ.

ಮೊದಲು ಎರಡು ಸಲ ಆಂಪ್ಲಿಫೈ ಆಗುವ ಮಾತು. ಪ್ಲೇಯರಿನ ಒಳಗೆ ಚಿಕ್ಕ ಆಂಪ್ಲಿಫೈಯರ್ ಇರುವುದು ನಿಜ. ಆದರೆ ಅದು ದಣಿಯುವುದು ಹೆಡ್‌ಫೋನನ್ನು ನೇರವಾಗಿ ಹೊತ್ತಾಗ. ಓಮ್ ಎಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ. 32 ಓಮ್‌ನ ಹೆಡ್‌ಫೋನಿಗೆ 1 ವೋಲ್ಟ್ ಕೊಡಬೇಕಾದರೆ ಅದು ಸುಮಾರು 31 ಮಿಲಿಆಂಪಿಯರ್ ಹರಿಸಬೇಕು. ಆಂಪ್ಲಿಫೈಯರಿನ ಇನ್‌ಪುಟ್ ಸಾಮಾನ್ಯವಾಗಿ 10,000 ಓಮ್ ಅಥವಾ ಅದಕ್ಕಿಂತ ಹೆಚ್ಚು. ಅಲ್ಲಿಗೆ ಅದೇ 1 ವೋಲ್ಟ್ ಕೊಡಲು 0.1 ಮಿಲಿಆಂಪಿಯರ್ ಸಾಕು. ಹೊರೆ ಮುನ್ನೂರು ಪಟ್ಟು ಇಳಿದ ಮೇಲೆ ಆ ಸರ್ಕ್ಯೂಟ್ ತನ್ನ ಅತ್ಯುತ್ತಮ ಕೆಲಸವನ್ನೇ ಮಾಡುತ್ತದೆ. ಕೆಲವು ಹಳೆಯ ಪ್ಲೇಯರುಗಳಲ್ಲಿ ಹೊರದಾರಿಗೆ ಕೆಪಾಸಿಟರ್ ಇರುತ್ತದೆ. 100 ಮೈಕ್ರೋಫ್ಯಾರಡ್‌ನದಾದರೆ 32 ಓಮ್‌ನ ಹೆಡ್‌ಫೋನಿನಲ್ಲಿ 50 ಹರ್ಟ್ಸ್‌ಗಿಂತ ಕೆಳಗಿನ ನಾದ ಸೊರಗುತ್ತದೆ. ಅದೇ ಪ್ಲೇಯರನ್ನು ಆಂಪ್ಲಿಫೈಯರಿಗೆ ಕೊಟ್ಟರೆ ಆ ಕೊರತೆ ಕಿವಿಗೆ ಸಿಗದಷ್ಟು ಕೆಳಕ್ಕೆ ಸರಿಯುತ್ತದೆ. ಆದ್ದರಿಂದ ಹೆಡ್‌ಫೋನ್ ತೂತಿನಿಂದ ತೆಗೆಯುವುದು ತಪ್ಪು ಎಂದು ಹೇಳುವವರಿಗೆ ಈ ಲೆಕ್ಕ ತೋರಿಸಿ.

ಪ್ಲೇಯರಿನಲ್ಲಿ ಲೈನ್ ಔಟ್, ಅಂದರೆ ಬೇರೆ ಯಂತ್ರಕ್ಕೆ ಧ್ವನಿ ಕೊಡಲೆಂದೇ ಇಟ್ಟ ಹೊರದಾರಿ, ಇದ್ದರೆ ಅದನ್ನೇ ಬಳಸಿ ಎಂದು ನಾನೂ ಹೇಳುತ್ತೇನೆ, ಆದರೆ ಕಾರಣ ಬೇರೆ. ಲೈನ್ ಔಟ್‌ನಲ್ಲಿ ಮಟ್ಟ ಸ್ಥಿರ, ಪ್ಲೇಯರಿನ ವಾಲ್ಯೂಮ್ ಅದನ್ನು ಮುಟ್ಟುವುದಿಲ್ಲ. ನೀವು ತಪ್ಪು ಜಾಗದಲ್ಲಿಡುವ ಒಂದು ವಾಲ್ಯೂಮ್ ತಾನಾಗಿ ತಪ್ಪಿತು, ಅಷ್ಟೇ ಲಾಭ. 2003ರಿಂದ ಬಂದ ಹಳೆಯ ಐಪಾಡ್‌ಗಳಲ್ಲಿ ಕೆಳಗಿನ ಅಗಲವಾದ 30 ಪಿನ್ನಿನ ಕನೆಕ್ಟರಿನಲ್ಲಿ ಈ ಲೈನ್ ಔಟ್ ಇದೆ. ಅಂಥದ್ದು ಮನೆಯ ಡ್ರಾಯರಿನಲ್ಲಿ ಬಿದ್ದಿದ್ದರೆ ಹೊರತೆಗೆಯಿರಿ. ಒಂದು ಎಚ್ಚರಿಕೆ: ಲೈನ್ ಔಟ್‌ಗೆ ಇಯರ್‌ಫೋನನ್ನು ನೇರವಾಗಿ ಸಿಕ್ಕಿಸಿ ಕಿವಿಗೆ ಇಟ್ಟುಕೊಳ್ಳಬೇಡಿ. ಪೂರ್ತಿ ಮಟ್ಟ ಒಮ್ಮೆಲೇ ಕಿವಿಗೆ ಬಡಿಯುತ್ತದೆ.

ಈಗ ಒಡೆಯುವ ಸದ್ದು. ಧ್ವನಿಯ ಅಲೆ ಸರ್ಕ್ಯೂಟಿನ ವೋಲ್ಟೇಜ್ ಮಿತಿಯನ್ನು ಮುಟ್ಟಿದಾಗ ಅದರ ತುದಿ ಚಪ್ಪಟೆಯಾಗುತ್ತದೆ. ನಿಮಗೆ ಒಡೆದಂತೆ ಕೇಳುವುದು ಅದೇ. ಅದು ಮೊದಲು ಮೃದಂಗದಲ್ಲಿ ಸಿಕ್ಕಿಬೀಳುವುದಕ್ಕೆ ಕಾರಣವಿದೆ: ಹಾಡಿನ ಸರಾಸರಿ ಮಟ್ಟಕ್ಕಿಂತ ಪೆಟ್ಟಿನ ತುದಿ ಬಹಳ ಎತ್ತರಕ್ಕೆ ಹೋಗುತ್ತದೆ. ಒಡೆಯುತ್ತಿರುವುದು ಪ್ಲೇಯರೋ ಆಂಪ್ಲಿಫೈಯರೋ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಪ್ಲೇಯರಿನ ವಾಲ್ಯೂಮ್ ಪೂರ್ತಿಯೇ ಇರಲಿ. ಆಂಪ್ಲಿಫೈಯರಿನ ನಾಬನ್ನು ಮಾತ್ರ ಮೆಲ್ಲನೆ ಕೇಳುವಷ್ಟಕ್ಕೆ ಇಳಿಸಿ, ತನಿ ಆವರ್ತನದ ಜಾಗವೊಂದನ್ನು ಹಾಕಿ. ಮೆಲ್ಲನೆಯ ಧ್ವನಿಯಲ್ಲೂ ಪೆಟ್ಟು ಒಡೆದೇ ಕೇಳಿದರೆ ಕೆಡುತ್ತಿರುವುದು ನಾಬಿಗಿಂತ ಮೊದಲೇ, ಅಂದರೆ ಬಹುಮಟ್ಟಿಗೆ ಪ್ಲೇಯರಿನಲ್ಲಿ. ಸೀದ ಹಾಲನ್ನು ಎಷ್ಟು ಸೋಸಿದರೂ ವಾಸನೆ ಹೋಗದ ಹಾಗೆ, ಅಲ್ಲಿ ಕೆಟ್ಟದ್ದನ್ನು ಮುಂದಿನ ಯಾವ ಯಂತ್ರವೂ ಸರಿಮಾಡಲಾರದು. ಒಡಕು ಮಾಯವಾದರೆ ಪ್ಲೇಯರ್ ನಿರಪರಾಧಿ, ಆಂಪ್ಲಿಫೈಯರಿಗೆ ವೋಲ್ಟೇಜ್ ಸಾಲುತ್ತಿಲ್ಲ.

ತಪ್ಪು ಪ್ಲೇಯರಿನದಾದರೆ ಮೊದಲು ಈಕ್ವಲೈಸರ್, ಬೇಸ್ ಬೂಸ್ಟ್, ಆ ಸರೌಂಡ್ ಈ ಸರೌಂಡ್ ಎಲ್ಲವನ್ನೂ ಆರಿಸಿ. ಬೇಸ್ ಬೂಸ್ಟ್ ಹಾಕಿ ವಾಲ್ಯೂಮನ್ನೂ ತುದಿಗೆ ಏರಿಸುವುದೇ ನಾನು ಅತಿ ಹೆಚ್ಚು ನೋಡುವ ತಪ್ಪು. ಆರಿಸಿದ ಮೇಲೂ ಒಡೆದರೆ ಪ್ಲೇಯರಿನ ವಾಲ್ಯೂಮನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಬನ್ನಿ. ಪೆಟ್ಟು ಸ್ವಚ್ಛವಾದ ಕಡೆ ನಿಲ್ಲಿಸಿ, ಇನ್ನೊಂದು ಮೆಟ್ಟಿಲು ಇಳಿಸಿ, ಅಲ್ಲಿಯೇ ಬಿಟ್ಟುಬಿಡಿ. ಆಮೇಲೆ ಜೋರು ಮೆಲ್ಲಗೆ ಮಾಡುವುದೆಲ್ಲ ಆಂಪ್ಲಿಫೈಯರಿನ ನಾಬಿನಲ್ಲೇ ಆಗಬೇಕು. ನಮ್ಮ ಕಡೆಯ ಜಾತ್ರೆಗಳಲ್ಲಿ ಮೈಕ್‌ಸೆಟ್ ನಡೆಸುವ ಹುಡುಗರು ಮಿಕ್ಸರಿನ ಮೇಲೆ ಇದನ್ನೇ ಮಾಡುತ್ತಾರೆ. ಅವರಿಗೆ ಯಾರೂ ಬೆಳ್ಳಿ ಕೇಬಲ್ ಮಾರಿಲ್ಲ, ಆದರೂ ಊರಿಗೆಲ್ಲ ಸ್ವಚ್ಛವಾಗಿ ಕೇಳಿಸುತ್ತಾರೆ.

ತಪ್ಪು ಆಂಪ್ಲಿಫೈಯರಿನದಾದರೆ ಬ್ಯಾಟರಿ ನೋಡಿ. 9 ವೋಲ್ಟ್ ಬ್ಯಾಟರಿಯ ಸರ್ಕ್ಯೂಟ್ ಅದನ್ನು ಮೇಲೆ ನಾಲ್ಕೂವರೆ, ಕೆಳಗೆ ನಾಲ್ಕೂವರೆ ಎಂದು ಹಂಚಿಕೊಳ್ಳುತ್ತದೆ. ಅದರಲ್ಲಿ ಒಂದಿಷ್ಟು ಚಿಪ್ಪಿಗೇ ಬೇಕು. ಉಳಿದದ್ದರಲ್ಲಿ ಸುಮಾರು ಎರಡು, ಎರಡೂವರೆ ವೋಲ್ಟಿನ ಧ್ವನಿ ಹೊರಬರಬಹುದು. ಬ್ಯಾಟರಿ 7 ವೋಲ್ಟಿಗೆ ಇಳಿದಿದ್ದರೆ ಅದೂ ಇಲ್ಲ. ಮಲ್ಟಿಮೀಟರ್ ಹಿಡಿದು ಅಳೆಯಿರಿ, ಲೈಟ್ ಉರಿಯುತ್ತಿದೆ ಎಂಬುದು ಸಾಕ್ಷಿಯಲ್ಲ. ಇನ್ನೊಂದು, ಇಂಥ ಪುಟ್ಟ ಆಂಪ್ಲಿಫೈಯರುಗಳ ಹವ್ಯಾಸಿ ಸರ್ಕ್ಯೂಟುಗಳಲ್ಲಿ ಗೇನನ್ನು, ಅಂದರೆ ಒಳಬಂದ ಧ್ವನಿಯನ್ನು ಹಿಗ್ಗಿಸುವ ಪ್ರಮಾಣವನ್ನು, ಹನ್ನೊಂದು ಪಟ್ಟು ಇಡುವ ರೂಢಿಯಿದೆ. ಪ್ಲೇಯರ್ 1 ವೋಲ್ಟ್ ಕೊಟ್ಟರೆ ಹನ್ನೊಂದು ವೋಲ್ಟ್ ಎಲ್ಲಿಂದ ಬರಬೇಕು? ಗೇನ್ ಬದಲಿಸುವ ಸ್ವಿಚ್ ಇದ್ದರೆ ಕಡಿಮೆಗೆ ಹಾಕಿ. ಸ್ವಿಚ್ ಇಲ್ಲದಿದ್ದರೆ ಬೆಸುಗೆ ಬಲ್ಲವರಿಂದ ರೆಸಿಸ್ಟರ್ ಬದಲಿಸಿ ಮೂರು ನಾಲ್ಕು ಪಟ್ಟಿಗೆ ಇಳಿಸಿಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆ ರೆಸಿಸ್ಟರ್‌ಗಳು ಚಿಲ್ಲರೆ ಕಾಸಿಗೆ ಸಿಗುತ್ತವೆ.

ಗೇನ್ ಹೆಚ್ಚಿರುವುದಕ್ಕೆ ಇನ್ನೊಂದು ಗುರುತು ಇದೆ. ನಾಬನ್ನು ಸ್ವಲ್ಪ ತಿರುಗಿಸುವಷ್ಟರಲ್ಲೇ ಜೋರಾಗುತ್ತದೆ, ಒಂದು ಕಿವಿಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಕೇಳುತ್ತದೆ. ಅಗ್ಗದ ನಾಬುಗಳ ಒಳಗೆ ಎಡ ಬಲಗಳಿಗೆಂದು ಇರುವ ಎರಡು ಪಟ್ಟಿಗಳು ಆರಂಭದ ತಿರುವಿನಲ್ಲಿ ಸರಿಹೊಂದುವುದಿಲ್ಲ, ಅದಕ್ಕೆ ಹೀಗಾಗುತ್ತದೆ. ಕಿವಿ ಕೆಟ್ಟಿತು ಎಂದು ಹೆದರಿ ಬರೆದವರು ಮೂವರಿದ್ದಾರೆ. ಹೆದರುವ ಮೊದಲು ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡು ನೋಡಿ.

ಸುಯ್ ಎಂಬ ಸದ್ದಿಗೆ ಬರುತ್ತೇನೆ. ಪ್ಲೇಯರಿನ ಒಳಗಿನ ಸಣ್ಣ ಸದ್ದು ಯಾವಾಗಲೂ ಒಂದೇ ಮಟ್ಟದಲ್ಲಿರುತ್ತದೆ. ನೀವು ವಾಲ್ಯೂಮ್ ಇಳಿಸಿದಾಗ ಸಂಗೀತ ಕುಗ್ಗುತ್ತದೆ, ಸದ್ದು ಕುಗ್ಗುವುದಿಲ್ಲ. ಆಮೇಲೆ ಆಂಪ್ಲಿಫೈಯರ್ ಎರಡನ್ನೂ ಸೇರಿಸಿ ಮೇಲೆತ್ತುತ್ತದೆ. ವಾಲ್ಯೂಮನ್ನು ಅಂಕಿಗಳಲ್ಲೇ ಇಳಿಸುವ ಪ್ಲೇಯರುಗಳಲ್ಲಿ ಇನ್ನೊಂದು ನಷ್ಟವೂ ಇದೆ: ಧ್ವನಿಯ ಸೂಕ್ಷ್ಮತೆಯನ್ನು ಹಿಡಿದಿಡುವ ಬಿಟ್‌ಗಳಲ್ಲಿ, ಪ್ರತಿ 6 ಡೆಸಿಬೆಲ್ ಇಳಿಕೆಗೆ ಸುಮಾರು ಒಂದು ಹೋಗುತ್ತದೆ. 16 ಬಿಟ್‌ನ ಹಾಡನ್ನು 16 ಬಿಟ್‌ನಲ್ಲೇ 20 ಡೆಸಿಬೆಲ್ ಇಳಿಸಿದರೆ ಮೂರಕ್ಕೂ ಹೆಚ್ಚು ಬಿಟ್ ಕೈಬಿಟ್ಟಂತೆ. ತಂಬೂರಿಯ ಶ್ರುತಿ ಸಣ್ಣಗೆ ಆರುವ ಜಾಗ ಮೊದಲು ಒರಟಾಗುತ್ತದೆ. ಹೀಗಾಗಿ ಒಡೆಯದಷ್ಟು ಮೇಲೆ, ಆದರೆ ಅದಕ್ಕಿಂತ ಕೆಳಗೆ ಬೇಡ ಎಂಬ ಒಂದೇ ಸ್ಥಾನದಲ್ಲಿ ಪ್ಲೇಯರ್ ಇದ್ದರೆ ನಿಮ್ಮ ಎರಡೂ ದೂರುಗಳು ಒಟ್ಟಿಗೇ ತೀರುತ್ತವೆ.

ನಿಮ್ಮ ಮಗನಿಗೆ ಬೇಸರವಾಗದ ಹಾಗೆ ಇದನ್ನೂ ತಿಳಿಸಿ: ನಿಮಗೆ ಬಹಳ ದೊಡ್ಡ ಆಂಪ್ಲಿಫೈಯರ್ ಬೇಕಿಲ್ಲ. 300 ಓಮ್‌ನ, ಮಿಲಿವ್ಯಾಟಿಗೆ 97 ಡೆಸಿಬೆಲ್ ಕೊಡುವ ಹೆಡ್‌ಫೋನ್ ಎಂದಿಟ್ಟುಕೊಳ್ಳೋಣ. ಸರಾಸರಿ 80 ಡೆಸಿಬೆಲ್‌ನಲ್ಲಿ ಕೇಳುತ್ತ, ಪೆಟ್ಟಿನ ತುದಿಗೆಂದು 20 ಡೆಸಿಬೆಲ್ ಬಿಟ್ಟರೆ 100 ಡೆಸಿಬೆಲ್ ಆಯಿತು. ಅದಕ್ಕೆ ಬೇಕಾದದ್ದು 2 ಮಿಲಿವ್ಯಾಟ್, ಅಂದರೆ ಮುಕ್ಕಾಲು ವೋಲ್ಟಿಗಿಂತ ಸ್ವಲ್ಪ ಹೆಚ್ಚು. 1 ವೋಲ್ಟ್ ಕೊಡುವ ಪ್ಲೇಯರ್ ಅದನ್ನು ಒಂಟಿಯಾಗಿಯೇ ಕೊಡಬಲ್ಲದು. ಹಳೆಯ, ಮೆಲ್ಲನೆ ದಾಖಲಾದ ಕಚೇರಿಗಳನ್ನು ಕೇಳುವಾಗ ಆಂಪ್ಲಿಫೈಯರಿನ ನೆರವು ಬೇಕಾಗುತ್ತದೆ, ಅದಕ್ಕೆ ನಿಮ್ಮಲ್ಲಿರುವುದೇ ಧಾರಾಳ. ಇನ್ನು 32 ಓಮ್‌ನ, ಮಿಲಿವ್ಯಾಟಿಗೆ 105 ಡೆಸಿಬೆಲ್ ಕೊಡುವ ಇಯರ್‌ಫೋನ್ ಇಟ್ಟುಕೊಂಡು ಯಾವ ಆಂಪ್ಲಿಫೈಯರ್ ಕೊಳ್ಳಲಿ ಎಂದು ಕೇಳಿದ ಶಿಡ್ಲಘಟ್ಟದ ಯುವಕರಿಗೆ: ನಿಮಗೆ ಅದೇ 100 ಡೆಸಿಬೆಲ್‌ಗೆ 0.1 ವೋಲ್ಟ್ ಸಾಕು. ಆಂಪ್ಲಿಫೈಯರ್ ಕೊಂಡರೆ ನಿಮಗೆ ಹೊಸದಾಗಿ ಸಿಗುವುದು ಸುಯ್ ಎಂಬ ಸದ್ದೊಂದೇ. ಕೊಳ್ಳಬೇಡಿ.

ಪ್ರಶ್ನೆ: ಪ್ಲೇಯರನ್ನು ಚಾರ್ಜಿಗೆ ಹಾಕಿಕೊಂಡು ಕೇಳಿದರೆ ಗುಂಯ್ ಎನ್ನುತ್ತದೆ. ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ತ್ ಪಿನ್ ಮುರಿದರೆ ನಿಲ್ಲುತ್ತದೆ ಎಂದು ಪರಿಚಯದವರು ಹೇಳಿದರು. ಮುರಿಯಲೇ?

ಉತ್ತರ: ಮುರಿಯಬೇಡಿ. ಈ ಸಲಹೆ ಕೊಟ್ಟವರನ್ನು ನಿಮ್ಮ ಮನೆಯ ವೈರಿಂಗ್ ಹತ್ತಿರಕ್ಕೂ ಬಿಡಬೇಡಿ. ಆ ಪಿನ್ ಇರುವುದು ಒಳಗೆ ತಂತಿ ಸಡಿಲವಾಗಿ 230 ವೋಲ್ಟ್ ಲೋಹದ ಪೆಟ್ಟಿಗೆಗೆ ತಗಲಿದಾಗ ನಿಮ್ಮ ಜೀವ ಉಳಿಸಲು. ನಿಮ್ಮ ಕಿವಿಯ ಮೇಲೆ ಅದೇ ಪೆಟ್ಟಿಗೆಗೆ ಜೋಡಿಸಿದ ಲೋಹದ ತಂತಿ ಕೂತಿದೆ ಎಂಬುದನ್ನು ನೆನಪಿಡಿ.

ಎರಡು ಪಿನ್ನಿನ ಮೊಬೈಲ್ ಚಾರ್ಜರುಗಳ ಒಳಗೆ ಮೇನ್ಸ್ ಬದಿಯಿಂದ ಹೊರಬದಿಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಅತ್ಯಲ್ಪ ಕರೆಂಟ್ ಸೋರಿ, ನಿಮ್ಮ ಕೇಬಲಿನ ನೆಲದ (ಗ್ರೌಂಡ್) ತಂತಿಯ ಮೂಲಕ ಆಂಪ್ಲಿಫೈಯರಿನ ಅರ್ತಿಗೆ ಹರಿಯುತ್ತದೆ. ಗುಂಯ್ ಎನ್ನುವುದು ಅದೇ. ಒದ್ದೆ ಕಾಲಿನಲ್ಲಿ ಪ್ಲೇಯರಿನ ಲೋಹವನ್ನು ಮುಟ್ಟಿದಾಗ ಜುಮ್ಮೆನ್ನುವುದೂ ಅದೇ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಕೇಳಿ, ಸದ್ದು ನಿಲ್ಲುತ್ತದೆ. ಕೆಲವು ಪ್ಲೇಯರುಗಳ ಹೆಡ್‌ಫೋನ್ ತೂತಿನ ನೆಲದ ತಂತಿ ನಿಜವಾದ ನೆಲವಾಗಿರದೆ ಸರ್ಕ್ಯೂಟ್ ಕೃತಕವಾಗಿ ನಿಲ್ಲಿಸಿದ ಮಧ್ಯಬಿಂದುವಾಗಿರುತ್ತದೆ. ಅಂಥದ್ದನ್ನು ಚಾರ್ಜಿನಲ್ಲಿಟ್ಟು ಆಂಪ್ಲಿಫೈಯರಿಗೆ ಸೇರಿಸಿದರೆ ಪ್ಲೇಯರಿಗೇ ಅಪಾಯ. ಚಾರ್ಜ್ ಮಾಡುವ ಹೊತ್ತು ಬೇರೆ, ಕೇಳುವ ಹೊತ್ತು ಬೇರೆ ಎಂದು ಇಟ್ಟುಕೊಳ್ಳಿ.

ಮನೆಯ ಅರ್ತಿಂಗನ್ನೂ ಒಮ್ಮೆ ನೋಡಿಸಿ. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಯಲ್ಲಿ ಬೇಸಿಗೆಗೆ ಮಣ್ಣು ಒಣಗಿ ಅರ್ತ್ ಗುಂಡಿ ಕೆಲಸಕ್ಕೆ ಬಾರದಂತಾಗುತ್ತದೆ. ಇದ್ದಿಲು, ಉಪ್ಪು ಹಾಕಿ ಮಾಡಿದ ಗುಂಡಿಗೆ ಆಗಾಗ ನೀರು ಬಿಡಬೇಕು. ಹಲವು ಮನೆಗಳಲ್ಲಿ ಸಾಕೆಟ್ಟಿನ ಮೂರನೆಯ ತೂತಿಗೆ ತಂತಿಯನ್ನೇ ಎಳೆದಿಲ್ಲ, ಅದನ್ನು ಕಂಡಾಗ ನನಗೆ ಸಂಗೀತದ ಯೋಚನೆಯೇ ಹೋಗಿಬಿಡುತ್ತದೆ.

ಪ್ರಶ್ನೆ: ಚಿನ್ನದ ಲೇಪ, ಬೆಳ್ಳಿ ತಂತಿ, ಬಾಣದ ಗುರುತಿನ ಕೇಬಲುಗಳಿಂದ ವ್ಯತ್ಯಾಸ ಸ್ಪಷ್ಟವಾಗಿ ಕೇಳಿಸುತ್ತದೆ ಎನ್ನುವವರಿದ್ದಾರಲ್ಲ?

ಉತ್ತರ: ಎಚ್. ನರಸಿಂಹಯ್ಯನವರು ಹುಟ್ಟಿದ್ದು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ಭೌತವಿಜ್ಞಾನಿ ಅವರು. ಅವರ ಜಿಲ್ಲೆಯವರು ಪರೀಕ್ಷಿಸದೆ ನಂಬುವುದು ನನಗೆ ಸಹಿಸಲಾಗದ ಸಂಗತಿ. ಮನೆಯವರಿಗೆ ಎರಡು ಕೇಬಲ್ ಕೊಟ್ಟು ಬೆನ್ನು ತಿರುಗಿಸಿ ಕುಳಿತುಕೊಳ್ಳಿ. ಯಾವುದು ಹಾಕಿದ್ದಾರೆಂದು ಹೇಳದೆ ಅವರು ಇಪ್ಪತ್ತು ಸಲ ಬದಲಿಸಲಿ, ಕೆಲವು ಸಲ ಬದಲಿಸಿದಂತೆ ನಟಿಸಲಿ. ನೀವು ಉತ್ತರ ಬರೆದಿಡಿ. ಸುಮಾರು ಅರ್ಧದಷ್ಟು ಸರಿಯಾದರೆ ನೀವು ಊಹಿಸಿದ್ದೀರಿ ಎಂದೇ ಅರ್ಥ. ಗಟ್ಟಿಯಾದ ಪಿನ್ನಿನ, ಗೇಣುದ್ದದ ಸಾಧಾರಣ ಕೇಬಲ್ ಸಾಕು.

ಪ್ರಶ್ನೆ: ಹೊಸ ಹೆಡ್‌ಫೋನಿಗೆ ಇನ್ನೂರು ಗಂಟೆ ಹಾಡು ಹಾಕಿ ಪಳಗಿಸಬೇಕೇ?

ಉತ್ತರ: ಬೇಡ. ಪಳಗುವುದು ನಿಮ್ಮ ಕಿವಿ.

ಪ್ರಶ್ನೆ: ಪ್ಲೇಯರಿನಲ್ಲಿ 4.4 ಮಿಲಿಮೀಟರಿನ ಬ್ಯಾಲೆನ್ಸ್ಡ್ ತೂತು ಇದೆ. ಪರಿವರ್ತಕ ಹಾಕಿ ಸಾಧಾರಣ ಆಂಪ್ಲಿಫೈಯರಿನ 3.5 ಮಿಲಿಮೀಟರಿಗೆ ಸೇರಿಸಬಹುದೇ?

ಉತ್ತರ: ಖಂಡಿತ ಬೇಡ. ಬ್ಯಾಲೆನ್ಸ್ಡ್ ತೂತಿನಲ್ಲಿ ಎಡ ಬಲಗಳಿಗೆ ಬೇರೆ ಬೇರೆ ಇರುವ ಎರಡು ಋಣ ತಂತಿಗಳು ಆಂಪ್ಲಿಫೈಯರಿನ ಕಡೆ ಒಂದಾಗಿ ಔಟ್‌ಪುಟ್ ಶಾರ್ಟ್ ಆಗುತ್ತದೆ, ಪ್ಲೇಯರ್ ಸುಡಬಹುದು. ಅದೇ ಪ್ಲೇಯರಿನ 3.5 ತೂತನ್ನು ಬಳಸಿ.

ಪ್ರಶ್ನೆ: ಸ್ಪೀಕರ್ ಆಂಪ್ಲಿಫೈಯರಿನ ಸ್ಪೀಕರ್ ತಂತಿಗೆ ಹೆಡ್‌ಫೋನ್ ಸೇರಿಸಬಹುದೇ?

ಉತ್ತರ: ಹೆಡ್‌ಫೋನೂ ಹೋಗುತ್ತದೆ, ಕಿವಿಯೂ ಹೋಗುತ್ತದೆ.

ಪ್ರಶ್ನೆ: ರಾತ್ರಿ ಕೇಳಿದ ಮೇಲೆ ಕಿವಿಯಲ್ಲಿ ಗುಂಯ್‌ಗುಡುತ್ತದೆ. ಬೆಳ್ಳುಳ್ಳಿ ಎಣ್ಣೆ ಬಿಡಲು ಹೇಳಿದ್ದಾರೆ.

ಉತ್ತರ: ಎಣ್ಣೆ ಬಿಡಬೇಡಿ. ಆಂಪ್ಲಿಫೈಯರ್ ಆರಿಸಿ, ನಾಳೆಯೇ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಹಾಕಿರುವ ಮಿತಿ 80 ಡೆಸಿಬೆಲ್‌ನಲ್ಲಿ 40 ಗಂಟೆ. 90 ಡೆಸಿಬೆಲ್‌ಗೆ ಏರಿಸಿದರೆ ಅದು 4 ಗಂಟೆಗೆ ಇಳಿಯುತ್ತದೆ. ಆಂಪ್ಲಿಫೈಯರ್ ಬಂದ ಮೇಲೆ ಧ್ವನಿ ಒಡೆಯದೆ ಜೋರಾಗುತ್ತದೆ, ಆದ್ದರಿಂದ ಎಷ್ಟು ಏರಿಸಿದ್ದೇವೆಂಬುದು ಕಿವಿಗೆ ತಿಳಿಯುವುದೇ ಇಲ್ಲ. ನಾಬನ್ನು ಸೊನ್ನೆಗೆ ತಂದು, ಆಂಪ್ಲಿಫೈಯರ್ ಹಾಕಿ, ಕೆಲವು ಕ್ಷಣ ಬಿಟ್ಟು ಹೆಡ್‌ಫೋನ್ ಸಿಕ್ಕಿಸಿ, ಆಮೇಲೆ ತಲೆಗೆ ಹಾಕಿಕೊಳ್ಳಿ. ಆನ್ ಮಾಡಿದಾಗ ಬರುವ ಧಡ್ ಎಂಬ ಪೆಟ್ಟು ಆಗ ಕಿವಿಗೆ ತಗಲುವುದಿಲ್ಲ.

ಮುಂದೆ ಬರೆಯುವವರು ಪ್ಲೇಯರಿನ ಮಾದರಿ, ಹೆಡ್‌ಫೋನಿನ ಓಮ್, ಆಂಪ್ಲಿಫೈಯರ್ ಬ್ಯಾಟರಿಯದೋ ಮೇನ್ಸಿನದೋ, ಎರಡೂ ವಾಲ್ಯೂಮ್ ಎಲ್ಲಿವೆ ಎಂಬ ನಾಲ್ಕು ವಿವರಗಳನ್ನು ಬರೆಯಿರಿ. ಇವಿಲ್ಲದೆ ಕೇಬಲ್ ಯಾವುದು ಎಂದಷ್ಟೇ ಕೇಳುವ ಪತ್ರಗಳಿಗೆ ಇನ್ನು ಉತ್ತರಿಸುವುದಿಲ್ಲ.