ರೈಲು ನಿಲ್ಲಿಸಿದ ಮನುಷ್ಯ, ನಮ್ಮೂರಿಗೆ ರೈಲು ತಂದ ಮನುಷ್ಯ

ನಿಮ್ಮ ಪ್ರಶ್ನೆ: "ಜಾರ್ಜ್ ಫರ್ನಾಂಡಿಸ್ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವರು ನಿಜವಾದ ಹೋರಾಟಗಾರರಾ, ಇಲ್ಲ ಅಧಿಕಾರಕ್ಕಾಗಿ ಬಣ್ಣ ಬದಲಿಸಿದವರಾ?"

ನಾನು ಕುಂದಾಪುರದ ಕಡೆಯವನು. ನಮ್ಮ ಅಪ್ಪಯ್ಯ ಮುಂಬೈ ಮಾಟುಂಗಾದ ಹೋಟೆಲೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಹಾಗಾಗಿ ಮುಂಬೈಯ ಕಾರ್ಮಿಕ ನಾಯಕ, ಆಮೇಲೆ ಕೇಂದ್ರ ಸಚಿವರೂ ಆದ ಜಾರ್ಜ್ ಹೆಸರು ನಾನು ಮೊದಲು ಕೇಳಿದ್ದು ಮನೆಯಲ್ಲೇ, ಊಟಕ್ಕೆ ಕೂತಾಗ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. 1977ರವರೆಗಿನ ಜಾರ್ಜ್ ಬಗ್ಗೆ ನನಗೆ ಅಪಾರ ಗೌರವ. ಆಮೇಲಿನ ಜಾರ್ಜ್ ಬಗ್ಗೆ ಬೇಸರ ಇದೆ, ಕೆಲವು ವಿಷಯದಲ್ಲಿ ಸಿಟ್ಟೂ ಇದೆ. ಆದರೆ ಆ ಎರಡನೇ ಕಾಲದಲ್ಲೇ ಅವರು ಮಾಡಿದ ಒಂದು ಕೆಲಸದ ಮೇಲೆ ನಮ್ಮೂರಿನವರು ಇವತ್ತಿಗೂ ದಿನಾ ಓಡಾಡುತ್ತಾರೆ.

ಅವರು ಹುಟ್ಟಿದ್ದು ಮಂಗಳೂರಿನಲ್ಲಿ, 1930ರ ಜೂನ್ 3ರಂದು. ಆರು ಮಕ್ಕಳಲ್ಲಿ ದೊಡ್ಡವರು. ಪಾದ್ರಿ ಆಗಲಿ ಅಂತ ಹದಿನಾರನೇ ವಯಸ್ಸಿಗೆ ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ಹಿರಿಯ ಗುರುಗಳಿಗೆ ಒಂದು ಥರದ ಊಟ, ಕಲಿಯೋ ಹುಡುಗರಿಗೆ ಇನ್ನೊಂದು ಥರ. ಅವರು ಕೂರುವ ಮೇಜೂ ಎತ್ತರದ್ದು. ಇದು ಆ ಹುಡುಗನಿಗೆ ಸಹಿಸೋಕೆ ಆಗಲಿಲ್ಲ. ಬಿಟ್ಟು ಹೊರಟುಬಂದರು. ಮಂಗಳೂರಿನಲ್ಲಿ ಹೋಟೆಲ್ ಕೆಲಸಗಾರರನ್ನು, ಬಸ್ಸಿನ ಕೆಲಸಗಾರರನ್ನು ಸಂಘಟಿಸೋಕೆ ಶುರು ಮಾಡಿದರು. ಆಮೇಲೆ ಕೆಲಸ ಹುಡುಕಿಕೊಂಡು ಮುಂಬೈಗೆ ಹೋದರು. ಶುರುವಿನ ದಿನಗಳಲ್ಲಿ ಮಲಗಿದ್ದು ಚೌಪಾಟಿಯ ಬೆಂಚಿನ ಮೇಲೆ. ನಡುರಾತ್ರಿ ಪೊಲೀಸ್ ಬಂದು ಎಬ್ಬಿಸಿ ಓಡಿಸುತ್ತಿದ್ದರು ಅಂತ ಅವರೇ ಹೇಳಿಕೊಂಡಿದ್ದಾರೆ. ಪತ್ರಿಕೆಯಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿತು. ಹಡಗುಕಟ್ಟೆ ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಪರಿಚಯ ಆಯಿತು. ಜಾರ್ಜ್ ಅವರ ದಾರಿ ಅಲ್ಲಿಂದ ಗೊತ್ತಾಯಿತು.

ಆಗಿನ ಮುಂಬೈಯಲ್ಲಿ ಹೋಟೆಲ್ ಹುಡುಗ ಅಂದ್ರೆ ಯಾರು ಗೊತ್ತಾ? ನಮ್ಮ ಕರಾವಳಿಯಿಂದ ಹೋದ ಹನ್ನೆರಡು, ಹದಿಮೂರು ವರ್ಷದವರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಲೆ ಹಚ್ಚಬೇಕು, ರಾತ್ರಿ ಕಡೇ ಗಿರಾಕಿ ಎದ್ದ ಮೇಲೆ ನೆಲ ತೊಳೆದು, ಅದೇ ಮೇಜುಗಳನ್ನು ಜೋಡಿಸಿ ಮಲಗಬೇಕು. ರಜೆ ಅಂತ ಕೇಳೋ ಹಾಗೇ ಇಲ್ಲ. ಜಾರ್ಜ್‌ಗೆ ಕೊಂಕಣಿ, ತುಳು, ಕನ್ನಡ, ಮರಾಠಿ, ಹಿಂದಿ ಎಲ್ಲ ಬರುತ್ತಿತ್ತು. ಎದುರಿಗೆ ಇರುವವನ ಭಾಷೆಯಲ್ಲೇ ಮಾತಾಡುತ್ತಿದ್ದರು. ಹೋಟೆಲ್, ಟ್ಯಾಕ್ಸಿ, ಮುನ್ಸಿಪಾಲಿಟಿ ಕೆಲಸಗಾರರೆಲ್ಲ ಅವರ ಹಿಂದೆ ನಿಂತರು. "ಅವರು ಬಂದ್ ಅಂದ್ರೆ ಬಾಂಬೆ ಬಂದ್, ಅಷ್ಟೇ," ಅಂತ ಅಪ್ಪಯ್ಯ ಹೇಳುತ್ತಿದ್ದರು. ಹಾಗೆ ಹೇಳುವಾಗ ಅನ್ನದ ಮೇಲಿಂದ ಕೈ ಎತ್ತಿ ಬೆರಳು ಅಗಲ ಮಾಡಿ ತೋರಿಸುತ್ತಿದ್ದರು. 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್ಸಿನ ಭಾರೀ ಕುಳ ಎಸ್.ಕೆ. ಪಾಟೀಲರನ್ನೇ ಸೋಲಿಸಿ ಲೋಕಸಭೆಗೆ ಹೋದರು. ಆಗ ಅವರಿಗೆ 36 ವರ್ಷ.

1974ರ ರೈಲ್ವೆ ಮುಷ್ಕರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಆಗ ಅವರು ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರು. ಕೇಳಿದ್ದು ಏನು? ಎಂಟು ಗಂಟೆ ಕೆಲಸ, ಬೋನಸ್, ಬೇರೆ ಸರ್ಕಾರಿ ಉದ್ದಿಮೆಯವರಿಗೆ ಸಿಗುವಷ್ಟು ಸಂಬಳ. ಇಂಜಿನ್ ಓಡಿಸುವವರು ಒಮ್ಮೆ ಹತ್ತಿದರೆ ಯಾವಾಗ ಇಳಿಯುತ್ತಾರೆ ಅನ್ನೋದಕ್ಕೆ ಲೆಕ್ಕವೇ ಇರಲಿಲ್ಲ. ಮುಷ್ಕರ ಶುರುವಾಗೋ ಮೊದಲೇ, ಮೇ 2ರಂದು, ಲಖನೌದಲ್ಲಿ ಜಾರ್ಜ್ ಅವರನ್ನು ಬಂಧಿಸಿದರು. ಆದರೂ ಮೇ 8ಕ್ಕೆ ರೈಲು ನಿಂತವು. ಸುಮಾರು 17 ಲಕ್ಷ ನೌಕರರು. ಸರ್ಕಾರ ಸಾವಿರಾರು ಜನರನ್ನು ಜೈಲಿಗೆ ಹಾಕಿತು, ಕೆಲಸದಿಂದ ತೆಗೆಯಿತು, ರೈಲ್ವೆ ಕ್ವಾರ್ಟರ್ಸಿನಿಂದ ಹೆಂಡತಿ ಮಕ್ಕಳನ್ನು ಹೊರಗೆ ಹಾಕಿತು. ಇಪ್ಪತ್ತು ದಿನಕ್ಕೆ, ಮೇ 27ರಂದು, ಏನೂ ಸಿಗದೆ ಮುಷ್ಕರ ಮುಗಿಯಿತು. ಸೋತರು, ಹೌದು. ಆದರೆ ಅಷ್ಟು ಜನ ಒಬ್ಬ ನಾಯಕನನ್ನು ನಂಬಿ ಸಂಬಳ, ಮನೆ ಎರಡನ್ನೂ ಪಣಕ್ಕಿಟ್ಟರಲ್ಲ, ಆ ನಂಬಿಕೆ ಸುಮ್ನೆ ಬರೋದಿಲ್ಲ.

ಮರುವರ್ಷ ತುರ್ತು ಪರಿಸ್ಥಿತಿ. ಜಾರ್ಜ್ ತಪ್ಪಿಸಿಕೊಂಡು ಭೂಗತರಾದರು. ಗಡ್ಡ ಬಿಟ್ಟು ಸಿಖ್ ವೇಷದಲ್ಲಿ ಊರೂರು ತಿರುಗಿದರು. ಅವರು ಸಿಗದ ಸಿಟ್ಟನ್ನು ಪೊಲೀಸರು ಬೇರೆಯವರ ಮೇಲೆ ತೀರಿಸಿಕೊಂಡರು. 1976ರ ಮೇ 1ರಂದು ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನ ಮನೆಯಿಂದ ಎತ್ತಿಕೊಂಡು ಹೋಗಿ, ಅಣ್ಣ ಎಲ್ಲಿದ್ದಾನೆ ಹೇಳು ಅಂತ ನಡೆಯೋಕೆ ಆಗದ ಹಾಗೆ ಹೊಡೆದರು. ಜಾರ್ಜ್ ಅವರ ಸ್ನೇಹಿತೆ, ನಟಿ ಸ್ನೇಹಲತಾ ರೆಡ್ಡಿ ಅವರನ್ನು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಇಟ್ಟರು. ಆಕೆಗೆ ಆಸ್ತಮಾ. ಚಿಕಿತ್ಸೆ ಸರಿಯಾಗಿ ಸಿಗಲಿಲ್ಲ. 1977ರ ಜನವರಿಯಲ್ಲಿ ಹೊರಗೆ ಬಿಟ್ಟ ಕೆಲವೇ ದಿನಕ್ಕೆ ತೀರಿಕೊಂಡರು. ಜಾರ್ಜ್ ಬಗ್ಗೆ ಯಾರು ಏನೇ ಬರೆಯಲಿ, ಈ ಇಬ್ಬರ ಹೆಸರು ಬಿಡಬಾರದು ಅಂತ ನನ್ನ ಕಳಕಳಿ. ಅವರ ಹೋರಾಟಕ್ಕೆ ಮೈ ಕೊಟ್ಟವರು ಇವರು.

1976ರ ಜೂನ್ 10ರಂದು ಕೋಲ್ಕತ್ತದಲ್ಲಿ ಜಾರ್ಜ್ ಸಿಕ್ಕಿಬಿದ್ದರು. ಡೈನಮೈಟ್ ಸಂಗ್ರಹಿಸಿ ಸರ್ಕಾರವನ್ನು ನಡುಗಿಸಲು ಹೊರಟಿದ್ದರು ಅಂತ ಬರೋಡಾ ಡೈನಮೈಟ್ ಕೇಸ್ ಹಾಕಿದರು. ಡೈನಮೈಟ್ ವಿಷಯ ನನಗೆ ಈಗಲೂ ಒಪ್ಪಿಗೆ ಆಗೋದಿಲ್ಲ. ಆದರೆ ಬೇಡಿ ಹಾಕಿದ ಕೈಯನ್ನು ಮೇಲೆತ್ತಿ ನಿಂತ ಆ ಫೋಟೋ ನೋಡಿದ್ದೀರಲ್ವಾ? 1977ರ ಚುನಾವಣೆಯಲ್ಲಿ ಆ ಚಿತ್ರವೇ ಅವರ ಪರವಾಗಿ ಮತ ಕೇಳಿತು. ಅವರು ಜೈಲಿನಲ್ಲಿದ್ದರು, ಬಿಹಾರದ ಮುಜಫರ್‌ಪುರಕ್ಕೆ ಕಾಲಿಡದೆಯೇ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಮಂಗಳೂರಿನ ಕ್ರಿಶ್ಚಿಯನ್ ಹುಡುಗನೊಬ್ಬ ಬಿಹಾರದವರ ಮನೆಮಗ ಆಗಿದ್ದು ಹೀಗೆ. ಒಟ್ಟು ಒಂಬತ್ತು ಸಲ ಲೋಕಸಭೆಗೆ ಹೋದರು, ಜಾಸ್ತಿ ಸಲ ಅಲ್ಲಿಂದಲೇ. ನಮ್ಮ ರಾಜ್ಯ ಮಾತ್ರ ಅವರನ್ನು ಗೆಲ್ಲಿಸಲಿಲ್ಲ. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ನಿಂತು ಜಾಫರ್ ಷರೀಫ್ ಎದುರು ಸೋತರು.

ಮಂತ್ರಿಯಾದ ಮೇಲಿನ ಕಥೆ ನಿಮಗೂ ಗೊತ್ತಿರಬಹುದು. ಮೊರಾರ್ಜಿ ದೇಸಾಯಿ ಸರ್ಕಾರದಲ್ಲಿ ಕೈಗಾರಿಕಾ ಸಚಿವರಾಗಿ ವಿದೇಶಿ ಪಾಲು ಕಡಿಮೆ ಮಾಡಿ ಅಂತ ಪಟ್ಟು ಹಿಡಿದಾಗ ಕೋಕಾ ಕೋಲಾ, ಐಬಿಎಂ ದೇಶ ಬಿಟ್ಟವು. 1979ರಲ್ಲಿ ಮೊರಾರ್ಜಿ ಸರ್ಕಾರವನ್ನು ಸದನದಲ್ಲಿ ಗಟ್ಟಿಯಾಗಿ ಸಮರ್ಥಿಸಿ, ಕೆಲವೇ ದಿನಗಳಲ್ಲಿ ಅದನ್ನೇ ಬಿಟ್ಟು ನಡೆದರು. ನನಗೆ ಅವರ ಮೇಲೆ ಮೊದಲು ಬೇಸರ ಆಗೋದು ಇಲ್ಲಿ. 1994ರಲ್ಲಿ ನಿತೀಶ್ ಕುಮಾರ್ ಜೊತೆ ಸಮತಾ ಪಕ್ಷ ಕಟ್ಟಿದರು, ಆಮೇಲೆ ಬಿಜೆಪಿ ಜೊತೆ ಹೋದರು. ರಕ್ಷಣಾ ಸಚಿವರಾಗಿ ಸಿಯಾಚಿನ್‌ಗೆ ಮತ್ತೆ ಮತ್ತೆ ಹೋಗಿ ಸೈನಿಕರ ಜೊತೆ ಕೂತರು. ಆ ಮೇಲಿನ ಚಳಿಯಲ್ಲಿ ನಿಂತವನ ಕಷ್ಟ ಕೇಳೋಕೆ ದಿಲ್ಲಿಯಿಂದ ಯಾರೂ ಅಷ್ಟು ಸಲ ಹೋಗಿರಲಿಲ್ಲ. 2001ರಲ್ಲಿ ತೆಹೆಲ್ಕಾ ಸುದ್ದಿತಾಣ ಬಯಲಿಗೆಳೆದ ಲಂಚದ ಹಗರಣದಿಂದ ರಾಜೀನಾಮೆ ಕೊಟ್ಟು, ಅದೇ ವರ್ಷ ಮತ್ತೆ ಸಚಿವರಾದರು. ಕಾರ್ಗಿಲ್ ಯೋಧರಿಗೆ ಶವಪೆಟ್ಟಿಗೆ ಕೊಂಡಿದ್ದರಲ್ಲಿ ಅಕ್ರಮ ಆಗಿದೆ, ಶವಪೆಟ್ಟಿಗೆ ಹಗರಣ ಅಂತ ವರ್ಷಗಟ್ಟಲೆ ಬೈಗುಳ ತಿಂದರು. ಕೊನೆಗೆ ಸಿಬಿಐ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೆ 2002ರ ಗುಜರಾತ್ ಹಿಂಸೆಯ ಮೇಲೆ ಸಂಸತ್ತಿನಲ್ಲಿ ಚರ್ಚೆ ನಡೆದಾಗ ಅವರು ಸರ್ಕಾರವನ್ನು ಸಮರ್ಥಿಸಿದ್ದನ್ನು ನಾನು ಮರೆಯೋಕೆ ಆಗೋದಿಲ್ಲ. ಬೇಡಿ ಹಾಕಿದ ಕೈ ಎತ್ತಿದ್ದ ಮನುಷ್ಯ ಆ ದಿನ ಬಡವರ ಪರ, ಪೆಟ್ಟು ತಿಂದವರ ಪರ ಎದ್ದು ನಿಲ್ಲಬೇಕಿತ್ತು.

ಹಾಗಂತ ಅಧಿಕಾರದಿಂದ ದುಡ್ಡು ಮಾಡಿಕೊಳ್ಳೋಕೆ ಹೋದರು ಅಂದರೆ ನಾನು ನಂಬೋದಿಲ್ಲ. ಇಸ್ತ್ರಿ ಇಲ್ಲದ ಖಾದಿ ಕುರ್ತಾ, ಅದನ್ನೂ ತಾವೇ ಒಗೆದುಕೊಳ್ಳುವುದು. ದಿಲ್ಲಿಯ ಕೃಷ್ಣ ಮೆನನ್ ಮಾರ್ಗದ ಅವರ ಮನೆಗೆ ಗೇಟೇ ಇರಲಿಲ್ಲ. ಬರ್ಮಾದಿಂದ ಓಡಿಬಂದ ಹುಡುಗರು, ಟಿಬೆಟ್‌ನವರು ಅಲ್ಲಿ ಆಸರೆ ಪಡೆದಿದ್ದರು. ಪಕ್ಷ ಬದಲಿಸಿದ್ದು ನಿಜ, ಬದುಕೋ ರೀತಿ ಬದಲಿಸಲಿಲ್ಲ.

ಇನ್ನು ಆ ಒಂದು ಕೆಲಸ. 1989ರಲ್ಲಿ ವಿ.ಪಿ. ಸಿಂಗ್ ಸರ್ಕಾರದಲ್ಲಿ ಜಾರ್ಜ್ ರೈಲ್ವೆ ಸಚಿವರಾದರು. ಹದಿನೈದು ವರ್ಷದ ಹಿಂದೆ ದೇಶದ ರೈಲನ್ನೆಲ್ಲ ನಿಲ್ಲಿಸಿದವರ ಕೈಗೇ ರೈಲ್ವೆ ಬಂತು. ಕರಾವಳಿಗೆ ರೈಲು ಅನ್ನೋ ಮಾತು ಎಷ್ಟೋ ವರ್ಷದಿಂದ ಕಡತದಲ್ಲೇ ಇತ್ತು. ಮಧು ದಂಡವತೆ ಅವರೂ ಅದಕ್ಕಾಗಿ ತುಂಬಾ ದುಡಿದವರು, ಆಗ ಹಣಕಾಸು ಸಚಿವರು ಅವರೇ. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಶುರುವಾಯಿತು. ಕೇಂದ್ರದ ಜೊತೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ಪಾಲು ಹಾಕಿದವು, ಉಳಿದ ಹಣವನ್ನು ಬಾಂಡ್ ಮಾರಿ ಎತ್ತಿದರು. ಕಟ್ಟುವ ಹೊಣೆ ಎಂಜಿನಿಯರ್ ಇ. ಶ್ರೀಧರನ್ ಅವರಿಗೆ. ಜಾರ್ಜ್ ಒಂದೇ ವರ್ಷ ಸಚಿವರಾಗಿದ್ದರು, ಆದರೆ ಅಷ್ಟರಲ್ಲಿ ಕೆಲಸ ವಾಪಸ್ ತಗೊಳ್ಳೋಕೆ ಆಗದಷ್ಟು ಮುಂದೆ ಹೋಗಿತ್ತು. ತೊಂಬತ್ತಕ್ಕೂ ಹೆಚ್ಚು ಸುರಂಗ, ಹೊನ್ನಾವರದಲ್ಲಿ ಶರಾವತಿ ಮೇಲೆ ಎರಡು ಕಿಲೋಮೀಟರ್ ಸೇತುವೆ. 1998ರ ಜನವರಿಯಲ್ಲಿ ಇಡೀ ದಾರಿ ತೆರೆಯಿತು.

ಅದಕ್ಕೆ ಮೊದಲು ಅಪ್ಪಯ್ಯ ಊರಿಗೆ ಬರುತ್ತಿದ್ದದ್ದು ಬಸ್ಸಿನಲ್ಲಿ. ಒಂದು ರಾತ್ರಿ, ಮೇಲೆ ಮುಕ್ಕಾಲು ದಿನ. ಇಳಿಯುವಾಗ ಕಾಲು ಊದಿ ಚಪ್ಪಲಿಗೆ ಹಿಡಿಯುತ್ತಿರಲಿಲ್ಲ. ವರ್ಷಕ್ಕೆ ಒಂದೇ ಸಲ ಬರುತ್ತಿದ್ದರು. ಅಜ್ಜಿ ತೀರಿಕೊಂಡಾಗ ಮಣ್ಣಿಗೂ ಸಿಗಲಿಲ್ಲ.

ಮೊದಲ ಸಲ ಮುಂಬೈಯಿಂದ ಮತ್ಸ್ಯಗಂಧ ರೈಲಿನಲ್ಲಿ ಬಂದಾಗ ನಾನೂ ಜೊತೆಗಿದ್ದೆ. ಶರಾವತಿ ಬಂದಾಗ ಇನ್ನೂ ಕತ್ತಲು. ಸೇತುವೆ ಮೇಲೆ ಗಾಲಿ ಸದ್ದು ಬದಲಾಯಿತು ನೋಡಿ, ಅಪ್ಪಯ್ಯ ತಟ್ಟನೆ ಎದ್ದು ಕೂತು ಕಿಟಕಿ ಶಟರ್ ಎತ್ತಿದರು. ಹೊರಗೆ ಏನೂ ಕಾಣುತ್ತಿರಲಿಲ್ಲ, ನೀರಿನ ತಂಪು ಗಾಳಿ ಮಾತ್ರ ಮುಖಕ್ಕೆ ಬಡಿಯುತ್ತಿತ್ತು. "ಹೊಳೆ ಬಂತು, ಮಗಾ," ಅಂದರು. ಆಮೇಲೆ ಕುಂದಾಪುರ ಬರೋವರೆಗೂ ಮಲಗಲೇ ಇಲ್ಲ.